ನಿಮಿಷಕ್ಕೊಮ್ಮೆ ಕೇಳಿದವನು

ಬಾಯಿಬಿಟ್ಟು ಕೇಳುವುದೆಂದರೆ ನನಗೆ ಮೊದಲಿನಿಂದಲೂ ನಾಚಿಕೆ. ಊಟದ ಪಂಕ್ತಿಯಲ್ಲಿ ಎರಡನೆಯ ಸಲ ಪಾಯಸ ಬೇಕೆಂದು ಕೇಳಿದವನಲ್ಲ. ಬಡಿಸುವವರಿಗೆ ತಾವಾಗಿಯೇ ತೋಚಲಿ ಎಂದು ಖಾಲಿ ಎಲೆಯನ್ನು ನೋಡುತ್ತಾ ಕೂರುವವನು. ಇಂಥ ನಾನು ಒಂದೇ ಪ್ರಶ್ನೆಯನ್ನು ಸಾವಿರಾರು ಸಲ ಕೇಳಿದೆನೆಂದರೆ ಕಾಸರಗೋಡಿನ ನಮ್ಮವರು ಯಾರೂ ನಂಬಲಾರರು.

ಆಗ ನಾನು ಕೊಚ್ಚಿಯ ಕಲೂರಿನಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯ ಗುಮಾಸ್ತ; ಹೆಂಡತಿ ಸುಮತಿ ತಿರುವನಂತಪುರದ ಬ್ಯಾಂಕಿನಲ್ಲಿ. ಮದುವೆಯಾಗಿ ಮೂರು ವರ್ಷವಾದರೂ ನಮ್ಮದು ಭಾನುವಾರದ ಸಂಸಾರ. ಆ ವರ್ಷ ವರ್ಗಾವಣೆಯ ಪಟ್ಟಿ ತಿರುವನಂತಪುರದ ಮುಖ್ಯ ಕಚೇರಿಯ ವೆಬ್‌ಸೈಟಿನಲ್ಲೇ ಬರುತ್ತದೆಂದು ತಿಳಿದದ್ದೇ ತಡ, ನನ್ನ ತಲೆ ಓಡತೊಡಗಿತು. ಪ್ರೋಗ್ರಾಮ್ ಬರೆಯುವ ಹುಚ್ಚು ಆಗಷ್ಟೇ ಹಿಡಿದಿತ್ತು. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟುಕೊಟ್ಟ ಒಂದು ಓಪನ್ ಸೋರ್ಸ್ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಮಿನ ತುಣುಕು, ಕೈಗೆ ಸಿಕ್ಕಿತು. ನಮ್ಮ ಪ್ರೋಗ್ರಾಮಿಗೆ ಅದನ್ನು ಸೇರಿಸಿದರೆ ಸಾಕು, ಹೇಳಿದ ವೆಬ್‌ಸೈಟಿಗೆ ಹೋಗಿ ಬೇಕಾದ ಪುಟವನ್ನು ಕೇಳಿ ತಂದುಕೊಡುತ್ತದೆ. ಹತ್ತು ಸಾಲು ಬರೆದೆ. ಪುಟ ಬಂದೇ ಬಂತು! ಖುಷಿಗೆ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಕೂಡಲೇ ಸುಮತಿಗೆ ಫೋನ್ ಮಾಡಿ, ಪಟ್ಟಿ ಬಂತೇ ಎಂದು ಇನ್ನು ನಿಮಿಷಕ್ಕೊಮ್ಮೆ ಅದೇ ಹೋಗಿ ವಿಚಾರಿಸುತ್ತದೆ, ನಾನು ಸುಮ್ಮನೆ ಕೂತರಾಯಿತು ಎಂದೆ.

“ಸುಮ್ಮನೆ ಕೂರ್ಲಿಕ್ಕೆ ನಿಮಗೆ ಯಾರಾದ್ರೂ ಕಲಿಸ್ಬೇಕಾ?” ಎಂದಳು.

ಕೇಳುತ್ತಿರುವವರು ಯಾರೆಂದು ತಿಳಿಸಲು ಆ ಲೈಬ್ರರಿಯಲ್ಲಿ ಒಂದು ಜಾಗವಿತ್ತು. ಬಲ್ಲವರು ಅಲ್ಲಿ ಪ್ರೋಗ್ರಾಮಿನ ಹೆಸರು ಹಾಕಿ ಸುಮ್ಮನಾಗುತ್ತಾರಂತೆ. ನಮ್ಮ ಕಡೆ ಪರರ ಜಗಲಿ ಹತ್ತಿದವನು ತಾನು ಯಾರ ಮಗ, ಯಾವ ಮನೆಯವನು ಎಂದು ಹೇಳದೆ ಕೂರುವುದುಂಟೇ? ನನ್ನ ಹೆಸರು, ತಂದೆಯ ಹೆಸರು, ಮನೆಯ ಹೆಸರು, ಕಚೇರಿಯ ಫೋನ್ ನಂಬರು, ಎಲ್ಲವನ್ನೂ ತುಂಬಿದೆ.

ಮೂರನೆಯ ವಾರ ಆ ನಂಬರಿಗೇ ಫೋನ್ ಬಂತು. ಮಾತಾಡಿದವರು ಮುಖ್ಯ ಕಚೇರಿಯಲ್ಲಿ ವೆಬ್‌ಸೈಟ್ ನೋಡಿಕೊಳ್ಳುವ ಶಶಿಧರನ್.

“ಭಟ್ ಸಾರೇ, ನಮ್ಮ ಕಂಪ್ಯೂಟರಿನ ತುಂಬ ನಿಮ್ಮ ತಂದೆಯವರ ಹೆಸರೇ ಇದೆ. ನಿಮಿಷಕ್ಕೊಮ್ಮೆ ಬರ್ತಾ ಇದ್ದಾರೆ.”

ಕೆಲಸ ಹೋಯಿತೆಂದೇ ಎಣಿಸಿದೆ.

“ಪಟ್ಟಿ ಇನ್ನೂ ಆಗಿಲ್ಲ. ಇಷ್ಟು ಕೇಳುವವರ ಅರ್ಜಿಯಾದರೂ ನೋಡೋಣ ಅಂತ ಹುಡುಕಿದೆ, ಸಿಗಲಿಲ್ಲ. ಇವತ್ತು ಕೊನೆಯ ದಿನ, ಸಾರೇ.”

ಅರ್ಜಿ ನನ್ನ ಚೀಲದಲ್ಲಿತ್ತು. ಸುಮತಿ ತನ್ನ ಬ್ಯಾಂಕಿನ ಪ್ರಮಾಣಪತ್ರವನ್ನೂ ಪಿನ್ ಮಾಡಿ ಕೊಟ್ಟಿದ್ದ ಅರ್ಜಿ. ಅದರ ಹಿಂಬದಿಯಲ್ಲಿ ಆ ಹತ್ತು ಸಾಲು ಪ್ರೋಗ್ರಾಮ್ ಗೀಚಿದ್ದೆ. ಮುಂಬದಿಯಲ್ಲಿ ಸಹಿ ಹಾಕಿರಲಿಲ್ಲ. ಸಹಿ ಗೀಚಿ ಫ್ಯಾಕ್ಸ್ ಯಂತ್ರದತ್ತ ಓಡಿದೆ.

ವರ್ಗಾವಣೆ ಸಿಕ್ಕಿತು. ಎಷ್ಟು ಸಂತೋಷವಾಯಿತೆಂದರೆ ಕಚೇರಿಯವರಿಗೆಲ್ಲ ಪಾಯಸ ಕುಡಿಸಿದೆ, ನಾನೂ ಕೇಳಿ ಎರಡು ಸಲ ಹಾಕಿಸಿಕೊಂಡೆ. ಸುಮತಿ ಮಾತ್ರ, “ಅವರನ್ನು ಅಷ್ಟು ಸಲ ಕೇಳುವ ಬದಲು ನನ್ನನ್ನು ಒಮ್ಮೆ ಕೇಳಿದ್ರೆ, ಅರ್ಜಿ ಕೊಟ್ಟಿದ್ದೀರಾ ಅಂತ ನಾನೇ ವಿಚಾರಿಸ್ತಿದ್ದೆ” ಎಂದಳು.

ತಿರುವನಂತಪುರದಲ್ಲಿ ಶಶಿಧರನ್ ನನಗೆ ಹುಡುಕಿಟ್ಟ ಕೆಲಸ, ಪಟ್ಟಿ ಬಂತೇ ಎಂದು ವಿಚಾರಿಸುವವರ ಫೋನಿಗೆ ಉತ್ತರ ಕೊಡುವುದು. ಮರುವರ್ಷ ಕೊಚ್ಚಿಯ ಮಟ್ಟಾಂಚೇರಿಯಿಂದ ಒಬ್ಬರು ಒಂದೇ ಬೆಳಿಗ್ಗೆ ಮೂರು ಸಲ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು.

“ಎಷ್ಟು ಸಲ ಕೇಳ್ತೀರಿ ಸಾರ್? ಮೊದಲು ಅರ್ಜಿ ಕೊಟ್ಟಿದ್ದೀರಾ, ಅದು ಹೇಳಿ.”

ಆ ಕಡೆಯಿಂದ ಚೀಲದ ಜಿಪ್ ಎಳೆದ ಸದ್ದು ಮಾತ್ರ ಕೇಳಿಸಿತು.