ಅಕ್ಕನ ಸಲುವಾಗಿ ಬಿಟ್ಟ ಸೀಟು

ನಾ ಬೈಲಹೊಂಗಲದಾವ. ಹತ್ತಿಯಿಂದ ಬೀಜ ಬಿಡಸೂ ಜಿನ್ನಿಂಗ್ ಮಶೀನ್ ರಿಪೇರಿ ಮಾಡೂದು ನನ್ನ ಕೆಲಸ. ಹಂಗಾಮಿನಾಗ ಎಲ್ಲೆರೆ ಮಶೀನ್ ಕೈ ಕೊಟ್ರ, ಗಿರಣಿ ಮಾಲಕರು ವಿಮಾನದ ಟಿಕೆಟ್ ತಗದ ನನ್ನ ಕರಸ್ತಾರ. ಉಗರಾಗ ಗ್ರೀಸ್, ಚೀಲದಾಗ ಪಾನಾ, ಹೋಗೂದು ಮಾತ್ರ ಮುಗಲಾಗ! ಇಂಥಾ ಮನಶಾ ವಿಮಾನ ಹತ್ತಿದ್ರ ಏನರೆ ಒಂದ ಫಜೀತಿ ಆಗೂದ. ಏಳೆಂಟ ವರ್ಷದಿಂದ ಆಗಾಕ ಹತ್ತೈತಿ, ಮುಗದಿಲ್ಲ.

ಕೇಳಿ ನಗ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಇದರಾಗ ನಮ್ಮ ಅಕ್ಕ ಬರ್ತಾಳ. ಹೋದ ವರ್ಷದಿಂದ ಆಕಿ ಇಲ್ಲ. ನನಗ ಮೂರ ವರ್ಷ ಇದ್ದಾಗ ಅವ್ವ ಹೋದ್ಳು, ಅಕ್ಕನೇ ನನ್ನ ಟೊಂಕದ ಮ್ಯಾಲ ಹೊತ್ತ ಬೆಳಸಿದ್ಳು. ಕಟಕೋಳಕ್ಕ ಮದುವಿ ಆಗಿ ಹೋಗುವಾಗ ನನ್ನೂ ಕರಕೊಂಡ ಹೋದ್ಳು. ಅಂಥಾಕೀನ್ನ ಒಮ್ಮಿ ವಿಮಾನದಾಗ ಕೂಡ್ರಸಬೇಕು ಅನ್ನೂದೊಂದ ನನ್ನ ಹಟ ಇತ್ತು. ಆಕಿದೂ ಒಂದ ಹಟ ಇತ್ತು. "ನೀ ಬೆವರ ಸುರಿಸಿದ ರೊಕ್ಕ ಮುಗಲಾಗ ಹಾರಸಬ್ಯಾಡ. ಪುಕ್ಕಟ ಇದ್ರ ಹೇಳು, ಬರತೇನಿ" ಅಂತಿದ್ಳು. ಪುಕ್ಕಟ ಯಾರ ಕೂಡ್ರಸ್ತಾರ್ರಿ?

ಮೊದಲನೇ ಚೀಟಿ

ಹೈದರಾಬಾದಿನಾಗ ಬೆಳಗಾವಿ ವಿಮಾನದ ಸಲುವಾಗಿ ಕುಂತಿದ್ನಿ. ಕೌಂಟರಿನ ಹುಡುಗಿ ಮೈಕಿನಾಗ ಏನೋ ಹೇಳಿದ್ಳು. ಎಲ್ಲಾರೂ ತಲಿ ತಗ್ಗಿಸಿ ಫೋನ್ ನೋಡಾಕ ಹತ್ತಿದ್ರು. ಬಾಜೂ ಕುಂತಾವ್ರನ್ನ ಕೇಳಿದ್ನಿ, "ಏನಂತ್ರಿ?"

"ಇದ್ದ ಸೀಟಿಗಿಂತ ಹೆಚ್ಚ ಟಿಕೆಟ್ ಮಾರ್‍ಯಾರ. ಒಂದಿಬ್ಬರು ಬರೂದಿಲ್ಲ ಅಂತ ತಿಳದಿದ್ರು, ಇವತ್ತ ಎಲ್ಲಾರೂ ಬಂದ ಬಿಟ್ಟಾರ. ಯಾರರೆ ಒಬ್ಬರು ತಾವಾಗಿ ಸೀಟ್ ಬಿಟ್ರ, ನಾಳಿನ ವಿಮಾನಕ್ಕ ಕಳಸ್ತಾರಂತ. ರಾತ್ರಿ ಹೊಟೇಲಿನ್ಯಾಗ ಇರೂದು, ಊಟ, ಮ್ಯಾಲ ಒಂದ ವೋಚರ್. ಅದನ್ನ ಕೊಟ್ರ ಮುಂದ ಯಾವಾಗರೆ ಪುಕ್ಕಟ ಟಿಕೆಟ್."

ಪುಕ್ಕಟ ಅನ್ನೂದು ಕಿವಿಗೆ ಬಿತ್ತೋ ಇಲ್ಲೋ, ನಾ ಕೌಂಟರಿನ ಮುಂದ ಇದ್ನಿ. ಆ ಹುಡುಗಿ ಎರಡ ಕೈ ಜೋಡಿಸಿ ಥ್ಯಾಂಕ್ಸ್ ಅಂದ್ಳು. ನಾ ದೊಡ್ಡ ತ್ಯಾಗ ಮಾಡ್ದಾವರಂಗ ಗಂಭೀರ ಆಗಿ ಚೀಟಿ ಇಸಗೊಂಡ್ನಿ.

ಮರುದಿನ ಬೈಲಹೊಂಗಲದ ಹತ್ತಿ ಪ್ಯಾಟ್ಯಾಗ ಚಾ ಕುಡಕೋತ ಹೇಳಿದ್ನಿ. ಒಬ್ಬರೂ ನಂಬಲಿಲ್ಲ. "ಏ, ಇಳೀರಿ ಅಂತ ಕೈ ಮುಗದು, ಊಟ ಹಾಕಿ, ಚೀಟಿ ಕೊಡ್ತಾರಾ? ಸುಮ್ಮ ಕುಂದರೋ" ಅಂದ ಒಬ್ಬ ಹಮಾಲ. "ಮೊನ್ನೆ ಸಂಗೊಳ್ಳಿ ಬಸ್ಸಿನಾಗ ಕಂಡಕ್ಟರ್ ನನ್ನ ಅಡವ್ಯಾಗ ಇಳಿಸಿದಾ. ಉಳದ ಚಿಲ್ಲರನೂ ಕೊಡಲಿಲ್ಲ."

ಮುನವಳ್ಳಿ ವ್ಯಾಪಾರಿ

ಈ ಸುದ್ದಿ ಮುನವಳ್ಳಿ ತನಕ ಹೋತು. ಅಲ್ಲೊಬ್ಬ ಕಾಳಿನ ವ್ಯಾಪಾರಿ ಇದ್ದಾರ, ನನಗ ಹಳೇ ಪರಿಚಯ. ಮಗಳ ಮನಿಗೆ ಅಂತ ಹೈದರಾಬಾದಿಗೆ ಟಿಕೆಟ್ ತಗದಿದ್ರು. "ಹೆಂಗ ಮಾಡಬೇಕೋ ಹೇಳೋ ಮಾರಾಯಾ" ಅಂತ ಗಂಟ ಬಿದ್ರು. ನಾನೂ ಉಸ್ತಾದನಂಗ ಹೇಳಿಕೊಟ್ನಿ. ಲಗೂನ ಹೋಗ್ರಿ, ಕೌಂಟರಿನ ಹತ್ರನ ಕುಂದರ್ರಿ, ಕೇಳಿದ ಕೂಡಲೆ ಕೈ ಎತ್ರಿ ಅಂದ್ನಿ.

ಮನುಷ್ಯಾ ನಾಕ ತಾಸ ಮೊದಲ ಹೋಗಿ ಕುಂತಾರ. ಅವರು ಕೇಳೂ ತನಕ ತಡಕೊಳ್ಳಾಕ ಆಗಲಿಲ್ಲ, ತಾವ ಎದ್ದ ಹೋಗಿ, "ನಾ ಸೀಟ್ ಬಿಡತೇನಿ, ಚೀಟಿ ಕೊಡ್ರಿ" ಅಂದಾರ. ಆ ಹುಡುಗಿ ನಕ್ಕು, "ಸರ್, ಇವತ್ತ ಅರ್ಧಾ ವಿಮಾನ ಖಾಲಿ ಐತಿ" ಅಂದಾಳ. ಇವರು ಬಿಟ್ಟಾರೇನು? "ಹಂಗಾರ ಖಾಲಿ ಸೀಟಿನ ಚೀಟಿ ಎಲ್ಲಾ ಸೇರಿಸಿ ನನಗ ಕೊಡ್ರಿ" ಅಂತ ವಾದಕ್ಕ ಬಿದ್ದಾರ. ಕಡೀಕ ಇಬ್ಬರು ಬಂದು, ಸಮಾಧಾನ ಹೇಳಿ, ತೋಳ ಹಿಡದು ವಿಮಾನದಾಗ ಕೂಡ್ರಿಸ್ಯಾರ.

ಊರಿಗೆ ಬಂದ ಮ್ಯಾಲ ಭರ್ತಿ ಸಂತ್ಯಾಗ ನನ್ನ ಹಿಡಕೊಂಡ ಬೈದ್ರು. "ಮೋಸಗಾರ ಮಂದಿ ಅದಾರೋ ಅವರು! ಎಷ್ಟ ಹೇಳಿದ್ರೂ ಕೇಳಲಿಲ್ಲ. ನನ್ನ ಕರಕೊಂಡ ಹೋಗೇಬಿಟ್ರು!"

ಜಗಲಿ ಮ್ಯಾಲ ವೋಚರ್

ಆ ಮೊದಲನೇ ವೋಚರ್ ಕಾಗದದ ಮ್ಯಾಲ ಪ್ರಿಂಟ್ ತಗಸಿ ಅಕ್ಕಗ ಕೊಟ್ಟ ಬಂದಿದ್ನಿ. ಪುಕ್ಕಟ ಐತಿ ಅನ್ನೂದು ಕಣ್ಣಿಲೆ ನೋಡ್ಲಿ ಅಂತ. ಆಕಿ ಕಾಗದ ತಿರಗಿಸಿ ಮುರಗಿಸಿ ನೋಡಿ ಕೇಳಿದ್ಳು, "ಮ್ಯಾಲಿಂದ ನಮ್ಮ ಹೊಲ ಕಾಣತೈತೇನೋ?"

"ಕಾಣಬಹುದು. ಹೈದರಾಬಾದ್ ವಿಮಾನ ಈ ಕಡೇನ ಹೋಗತೈತಿ."

"ಬದು?"

"ಬದು ಯಾಕ ಬೇಕು?"

"ಬಾಜೂ ಹೊಲದಾವ ವರ್ಷಾ ವರ್ಷಾ ಒಂದೊಂದ ಗೆರಿ ಒಳಗ ಬರಾಕ ಹತ್ತ್ಯಾನ. ಕೆಳಗ ನೋಡಿದ್ರ ನೆಟ್ಟಗ ಐತಿ ಅಂತಾನ. ಮ್ಯಾಲಿಂದ ನೋಡಿದ್ರ ಸೊಟ್ಟ ಎಲ್ಲಿ ಐತಿ ಅಂತ ಗೊತ್ತಾಗತೈತಿ." ಮಂದಿ ದಿಲ್ಲಿ ನೋಡಾಕ ಹೋಗ್ತಾರ, ಮುಂಬೈ ನೋಡಾಕ ಹೋಗ್ತಾರ. ನಮ್ಮಕ್ಕ ಬದು ನೋಡಾಕ ವಿಮಾನ ಹತ್ತಾಕಿ.

ಆದ್ರ ಹತ್ತಾಕ ಪುರಸೊತ್ತ ಬೇಕಲ್ಲ. ತೊಗರಿ ಬಂತು ಅಂದ್ಳು, ಕಡ್ಲಿ ಬಂತು ಅಂದ್ಳು, ಸೊಸಿ ಬಾಣಂತನ ಅಂದ್ಳು. ನನಗೂ ಹಂಗಾಮು, ಒಂದ ಮಶೀನಿಂದ ಇನ್ನೊಂದಕ್ಕ ಓಡ್ಯಾಡಾಕ ಹತ್ತಿದ್ನಿ. ವರ್ಷ ಆದ ಮ್ಯಾಲ ಹೋಗಿ ನೋಡಿದ್ರ ವೋಚರ್ ದೇವರ ಜಗಲಿ ಮ್ಯಾಲ ಐತಿ. ವಿಭೂತಿ ಹಚ್ಚಿ, ಹೂ ಏರಿಸಿ ಇಟ್ಟಾಳ. ತಾರೀಖ ಮುಗದ ಎಂಟ ದಿನ ಆಗಿತ್ತು. "ಅಕ್ಕಾ, ಇದು ಕೆಟ್ಟ ಹೋತು" ಅಂದ್ನಿ.

ಆಕಿ ನನ್ನ ಹುಚ್ಚನ್ನ ನೋಡಿದಂಗ ನೋಡಿದ್ಳು. "ಕಾಗದ ಹೆಂಗ ಕೆಡತೈತೋ? ಹಾಲೇನು ಅದು?"

ಹತ್ತಲಾರದ ಹತ್ತಿ ಬಂದದ್ದು

ಎರಡನೇ ಸಲ ಸೀಟ್ ಬಿಟ್ನಿ, ಎರಡನೇ ವೋಚರ್ ಸಿಕ್ತು. ಈ ಸಲ ಅಕ್ಕನ್ನ ಕೇಳೂ ಗೋಜಿಗೇ ಹೋಗಲಿಲ್ಲ. ತಾರೀಖ ಹಾಕಿ, ಖಿಡಕಿ ಬಾಜೂ ಸೀಟ್ ಹಿಡದು, ಮುಂಜಾನೆ ಹೋಗಿ ಸಂಜಿಗೆ ಹೊಳ್ಳಿ ಬರೂವಂಗ ಮಾಡಿದ್ನಿ. ಅಕ್ಕ ಹೊಸಾ ಇಲಕಲ್ ಸೀರಿ ಉಟ್ಟು, ಸಜ್ಜಿ ರೊಟ್ಟಿ ಕಟಗೊಂಡು ಬೆಳಗಾವಿಗೆ ಬಂದ್ಳು. ಚೀಟಿ ಒಬ್ಬರಿಗಷ್ಟ ಇತ್ತು, ನಾ ಪಾಸ್ ತಗದು ಕೌಂಟರ್ ತನಕ ಹತ್ತಿಸಾಕ ಬಂದಿದ್ನಿ. ಕೌಂಟರಿನ ಹುಡುಗಿಗೆ ನನ್ನ ಕೇಳದ ಹೇಳಿದ್ಳು, "ಕಟಕೋಳದ ಮ್ಯಾಲ ಹೋಗುವಾಗ ಒಂದೀಟ ಸಾವಕಾಶ ಹೋಗಾಕ ಹೇಳವ್ವಾ ಡ್ರೈವರಗ."

ಅಷ್ಟರಾಗ ಬಾಜೂ ಒಬ್ಬ ಹೆಣ್ಣಮಗಳು ಅಳಾಕ ಹತ್ತಿದ್ಳು. ಆಕಿ ಗಂಡ ಹೈದರಾಬಾದ್ ದವಾಖಾನ್ಯಾಗ ಅದಾನಂತ, ಪರಿಸ್ಥಿತಿ ಕೆಟ್ಟೈತಂತ. ಕೈಯಾಗ ಟಿಕೆಟ್ ಐತಿ, ಆದ್ರ ವಿಮಾನ ತುಂಬೇತಿ. ಯಾರರೆ ಸೀಟ್ ಬಿಡ್ತೀರೇನು ಅಂತ ಹುಡುಗಿ ಕೂಗಿದ್ಳು. ಎಲ್ಲಾರೂ ಫೋನ್ ನೋಡಾಕ ಹತ್ತಿದ್ರು. ಅಕ್ಕ ನನ್ನ ಕೇಳಿದ್ಳು, "ಯಾಕೋ ಅಳ್ತಾಳ ಅಕಿ?" ನನ್ನ ಬುದ್ಧಿಗೆ ಏನ ಆಗಿತ್ತೋ, ಇದ್ದದ್ದ ಇದ್ದಂಗ ಹೇಳಿಬಿಟ್ನಿ.

ಅಕ್ಕ ಎದ್ದೇಬಿಟ್ಳು. "ಅಕೀನ್ನ ಕಳಸ್ರಿ. ನಮ್ಮ ಹೊಲ ಎಲ್ಲೂ ಓಡಿ ಹೋಗೂದಿಲ್ಲ" ಅಂದ್ಳು. ಹುಡುಗಿ ವೋಚರ್ ಕೊಡಾಕ ಬಂದ್ರ ಕೈ ಹಿಂದ ಸರಿಸಿದ್ಳು. "ಅಳಾಕಿ ನಿಮಿತ್ತ ಬಂದದ್ದು ನನಗ ಬ್ಯಾಡವ್ವಾ." ನಾಳೆ ಇದ ಟಿಕೆಟ್ ಮ್ಯಾಲ ಬರ್ರಿ ಅಂದ್ರ, "ನಾಳೆ ಶೇಂಗಾ ಬಿಡಸಾಕ ಆಳ ಹೇಳೇನಿ" ಅಂದ್ಳು. ನನಗ ಎಷ್ಟ ಸಿಟ್ಟ ಬಂದಿತ್ತಂದ್ರ, ಹೊಳ್ಳಿ ಬರುವಾಗ ಬಸ್ಸಿನಾಗ ಯರಗಟ್ಟಿ ದಾಟೂ ತನಕ ಖಿಡಕಿ ಕಡೆ ಮಾರಿ ಮಾಡಿ ಕುಂತ್ನಿ. ಆಮ್ಯಾಲ ಆಕಿ ರೊಟ್ಟಿ ಗಂಟ ಬಿಚ್ಚಿದ್ಳು, ಹಸಿವಿಗೆ ಸಿಟ್ಟ ನಡೀಲಿಲ್ಲ.

ಕಟಕೋಳದಾಗ ಓಣಿ ಮಂದಿ ಎಲ್ಲಾ ಬಾಗಲದಾಗ. ಬಾಜೂ ಹೊಲದಾವನೂ ಇದ್ದ. "ಏನ ಅಕ್ಕಾರ, ಹಾರಿ ಬಂದ್ರೇನು?" ಅಂದ ಕುಚೋದ್ಯಕ್ಕ. ಅಕ್ಕ ಸೀರಿ ನಿರಗಿ ಝಾಡಿಸಿಕೊಂಡ್ಳು. "ಬಂದ್ನೆಪ್ಪಾ. ಎಲ್ಲಾ ಛೊಲೊ ಕಾಣಸ್ತೈತಿ ಮ್ಯಾಲಿಂದ. ನಿನ್ನ ಬದೂನೂ ನೋಡಿ ಬಂದೇನಿ." ಮುಂದಿನ ವಾರ ರಂಟಿ ಹೊಡಿಯುವಾಗ ನೋಡ್ರಿ, ಅವನ ಟ್ರ್ಯಾಕ್ಟರ್ ತಾನಾಗೇ ಎರಡ ಮೊಳ ಹಿಂದ ಸರದಿತ್ತು!

ಹೈದರಾಬಾದಿನಾಗ ಕೈ ಎತ್ತಿದ್ದು

ಊರೆಲ್ಲಾ ನಕ್ರೂ ಅಕ್ಕಗ ಮನಸಿನಾಗ ಕೊರಗಿತ್ತು. "ಹತ್ತಲಾರದ ಹತ್ತೇನಿ ಅಂದೇನೋ ತಮ್ಮಾ. ಸುಳ್ಳ ಆತು. ಸಾಯೂದರಾಗ ಒಮ್ಮಿ ಖರೇ ಮಾಡಸು" ಅಂದ್ಳು. ನನಗೂ ಆವತ್ತಿನಿಂದ ಇನ್ನೊಂದ ಚೀಟಿದ ಹುಚ್ಚ ಹಿಡೀತು. ಯಾವ ವಿಮಾನಕ್ಕ ಹೋದ್ರೂ ಮೊದಲ ಗದ್ದಲ ಎಷ್ಟೈತಿ ಅಂತ ನೋಡಾವ.

ಹೋದ ವರ್ಷ ಸುಗ್ಗಿ ದಿನದಾಗ ಹೈದರಾಬಾದಿನಾಚೆ ಒಂದ ಗಿರಣ್ಯಾಗ ಕೆಲಸದ ಮ್ಯಾಲ ಇದ್ನಿ. ಮುಂಜಾನೆ ಅಕ್ಕನ ಮಗ, ನನ್ನ ಅಳಿಯ, ಫೋನ್ ಮಾಡಿದಾ. "ಮಾಮಾ, ಅವ್ವಗ ಉಸರ ತೊಂದರಿ ಆಗೈತಿ. ರಾಮದುರ್ಗದ ದವಾಖಾನ್ಯಾಗ ಹಾಕೇವಿ. ಗಾಬರಿ ಆಗಬ್ಯಾಡ, ಆದ್ರ ಬಾ." ಮಶೀನ್ ಬಿಚ್ಚಿದ್ದು ಬಿಚ್ಚಿದಂಗ ಬಿಟ್ಟು ಹೊಂಟ್ನಿ. ಮಧ್ಯಾಹ್ನದ ವಿಮಾನಕ್ಕ ಸೀಟ್ ಸಿಕ್ತು, ಖಿಡಕಿ ಬಾಜೂದ ಸಿಕ್ತು.

ಹತ್ತಾಕ ಸಾಲಾಗಿ ನಿಂತಿದ್ವಿ. ಮೈಕಿನಾಗ ಹುಡುಗಿ ಕೂಗಿದ್ಳು. ಒಬ್ಬರು ಸೀಟ್ ಬಿಟ್ರ ಇಬ್ಬರು ಹೋಗಿ ಬರೂವಷ್ಟ ವೋಚರ್ ಅಂತ.

ಇಬ್ಬರು! ನನ್ನ ತಲ್ಯಾಗ ಏನ ಹೊಕ್ಕಿತ್ತೋ, ದೇವರ ಬಲ್ಲ. ದವಾಖಾನ್ಯಾಗ ಅದಾಳ, ಡಾಕ್ಟರ್ ಅದಾರ, ಮಗಾ ಅದಾನ, ಒಂದ ದಿನದಾಗ ಏನಾಗತೈತಿ ಅಂದಕೊಂಡ್ನಿ. ಆರಾಮ ಆದ ಕೂಡಲೆ ನಾ, ಆಕಿ ಇಬ್ಬರೂ ಬಾಜೂಕ ಬಾಜೂ ಕುಂತ ಹೋಗೂದು, ಈ ಸಲ ಯಾರ ಅತ್ರೂ ಆಕೀನ್ನ ಏಳಾಕ ಬಿಡೂದಿಲ್ಲ ಅಂದಕೊಂಡ್ನಿ. ಹಿಂಗ ಅಂದಕೊಳ್ಳೂದರಾಗ ಕೈ ಮ್ಯಾಲ ಹೋಗಿತ್ತು.

ಅಳಿಯಗ ಫೋನ್ ಮಾಡಿದ್ನಿ. ಸೀಟ್ ಬಿಟ್ನಿ ಅಂತ ಹೇಳಾಕ ನಾಚಿಕಿ ಆತು. "ಸೀಟ್ ಸಿಗಲಿಲ್ಲೋ. ನಾಳೆ ಮುಂಜಾನೆ ಬರತೇನಿ. ಅಕ್ಕಗ ಹೇಳು" ಅಂದ್ನಿ.

ಅವತ್ತ ಹೊತ್ತ ಮುಳಗೂದರಾಗ ಅಕ್ಕ ಹೋದ್ಳು. ಅಳಿಯ ಫೋನಿನಾಗ ಅಳಾಕ ಹತ್ತಿದಾ, ನಾ ಹೊಟೇಲಿನ ಪುಕ್ಕಟ ಊಟದ ಮುಂದ ಕುಂತಿದ್ನಿ. ಕೈ ತೊಳಕೊಂಡ ಎದ್ನಿ. ಮರುದಿನ ಕಟಕೋಳಕ್ಕ ಮುಟ್ಟೂದರಾಗ ಅಕ್ಕನ್ನ ಪಡಸಾಲ್ಯಾಗ ಕೂಡ್ರಿಸಿ, ಅದ ಇಲಕಲ್ ಸೀರಿ ಉಡಿಸಿ, ನನ್ನ ಸಲುವಾಗಿ ಕಾಯಾಕ ಹತ್ತಿದ್ರು. ಬಾಜೂ ಹೊಲದಾವ ಎಲ್ಲಾರಕ್ಕಿಂತ ಮೊದಲ ಬಂದು ಕುಣಿ ತಗ್ಯಾಕ ನಿಂತಿದ್ದ. ಮಣ್ಣ ಕೊಟ್ಟ ಬಂದ್ವಿ.

ಮೂರನೇ ದಿನ ಬೀಗರು, ಓಣಿ ಮಂದಿ ಅಂಗಳದಾಗ ಕೂಡಿದ್ರು. ಎಲ್ಲಾರೂ ಅತ್ತ ಅತ್ತ ದಣದಿದ್ರು. ಅಳಿಯ ನನ್ನ ಕಡೆ ತಿರಗಿ, "ಮಾಮಾ, ಅವ್ವ ಕಡೀಕ ನಿನ್ನ ಮ್ಯಾಲ ಸಿಟ್ಟಾಗಿದ್ಳು ನೋಡು" ಅಂದ.

"ಕಣ್ಣ ತಗದಾಕಿನ, 'ತಮ್ಮ ಎಲ್ಲಿ ತನಕ ಬಂದಾ?' ಅಂದ್ಳು. 'ವಿಮಾನದಾಗ ಸೀಟ್ ಸಿಗಲಿಲ್ಲಂತವ್ವಾ, ನಾಳೆ ಬರ್ತಾನ' ಅಂದ್ನಿ. ಮೂಗಿಗೆ ಹಾಕಿದ್ದ ನಳಗಿ ಕಿತ್ತ ಒಗದ್ಳು ಮಾಮಾ! 'ಸೀಟ್ ಇಲ್ಲಂದ್ರ ಏನಾತು? ನಿಂತ ಬರಾಕ ಹೇಳು ಅವಗ! ತಾಸಿನ ಹಾದಿಗೆ ಸೀಟ್ ಬೇಕಂತ, ದೊಡ್ಡ ಸಾಹೇಬಗ!' ಅಂದ್ಳು. ನರ್ಸ್ ನಕ್ಕು ನಕ್ಕು ಸಾಕಾದ್ರು. ಅವ್ವಾನೂ ನಕ್ಳು. ಆಮ್ಯಾಲ ಅರ್ಧಾ ತಾಸ ಇದ್ಳು, ಅಷ್ಟ."

ಅಂಗಳದಾಗ ಕುಂತಾವ್ರೆಲ್ಲಾ ನಕ್ರು. ಹೆಣ್ಣಮಕ್ಕಳು ಸೆರಗ ಬಾಯಾಗ ತುರಕಿಕೊಂಡ ನಕ್ರು. ನಾನೂ ನಕ್ನಿ, ಕಣ್ಣಾಗ ನೀರ ಬರೂ ತನಕ ನಕ್ನಿ. ನಕ್ಕದ್ದಕ್ಕ ಬಂದ ನೀರ ಅಂತ ಎಲ್ಲಾರೂ ತಿಳಕೊಂಡ್ರು.

ಸೀಟ್ ಇತ್ತು, ಖಿಡಕಿ ಬಾಜೂದ ಇತ್ತು ಅಂತ ಅಳಿಯನ ಮುಂದ ನಾ ಇನ್ನೂ ಹೇಳಿಲ್ಲ.