ನೊಂದ ಪ್ರಯಾಣಿಕ, ಗುಬ್ಬಿ

ಎದುರಿಗೆ ನಿಂತು ಬೈಯುವವರ ಮೇಲೆ ನನಗೆ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇಷ್ಟ್ರ ಕೆಲಸದಲ್ಲಿ ಬೈಸಿಕೊಳ್ಳುವುದಕ್ಕೂ ಸೇರಿಸಿಯೇ ಸಂಬಳ ಕೊಡುತ್ತಾರೆ. ಆದರೆ ಬೈದು ಬಾಗಿಲ ಹಿಂದೆ ಅವಿತುಕೊಳ್ಳುವವರನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಂಡತಿ ಕಮಲ ತುಮಕೂರು–ನಿಟ್ಟೂರು ಬಸ್ಸಿನ ಕಂಡಕ್ಟರ್. ಕಳೆದ ತಿಂಗಳು ಜಿಲ್ಲೆಯ ಪತ್ರಿಕೆಯೊಂದರ ಓದುಗರ ಅಂಕಣದಲ್ಲಿ, ಆಕೆ ಮುದುಕರೊಬ್ಬರನ್ನು ಬಸ್ಸಿನಿಂದ ದಬ್ಬಿದಳೆಂದು ಬಂತು. ಅವಳ ಹೆಸರು, ಬಸ್ಸಿನ ವೇಳೆ, ಎಲ್ಲವೂ ಇತ್ತು. ಬರೆದವನ ಹೆಸರು ಮಾತ್ರ ‘ನೊಂದ ಪ್ರಯಾಣಿಕ, ಗುಬ್ಬಿ’. ನಡೆದದ್ದೇ ಬೇರೆ. ಕುಡಿದು ಬಂದು ಹೆಂಗಸರ ಸೀಟಿನಲ್ಲಿ ಕಾಲು ಚಾಚಿದ್ದ ಗಟ್ಟಿಮುಟ್ಟಾದ ಗಂಡಸೊಬ್ಬನನ್ನು ಅವಳು ಗುಬ್ಬಿ ಸ್ಟ್ಯಾಂಡಿನಲ್ಲಿ ಇಳಿಸಿದ್ದಳು. ಪತ್ರಿಕೆ ತಲುಪುವಷ್ಟರಲ್ಲಿ ಅವನಿಗೆ ವಯಸ್ಸಾಗಿತ್ತು. ಡಿಪೋದಲ್ಲಿ ವಿವರಣೆ ಕೇಳಿದರು. ಮನೆಗೆ ಬಂದವಳು ಯೂನಿಫಾರಂ ಕೂಡ ಬದಲಿಸದೆ ಕೂತುಬಿಟ್ಟಳು.

“ಬಸ್ ಹತ್ತೋರ ಮುಖನೆಲ್ಲಾ ನೋಡ್ತಾ ಇದೀನಿ ಕಣ್ರೀ, ಇವನೇನಾ, ಇವನೇನಾ ಅಂತ” ಎಂದಳು.

ನನಗೆ ತಡೆಯಲಾಗಲಿಲ್ಲ. ತುಮಕೂರಿಗೆ ಹೋಗಿ ಸಂಪಾದಕರ ಮೇಜು ಗುದ್ದಿದೆ. ಅವರು ಗಾಬರಿಯಾಗಲಿಲ್ಲ; ಅಲುಗಾಡಿದ ಕಾಫಿ ಲೋಟವನ್ನು ಹಿಡಿದುಕೊಂಡರು, ಅಷ್ಟೆ.

“ಹೆಸರು ಕೊಡಕ್ಕಾಗಲ್ಲ ಸಾರ್. ಪಾಪ, ಅವರಿಗೆ ತೊಂದರೆ ಆದ್ರೆ?”

“ಲಂಚ ತಿನ್ನೋರ ಮೇಲೆ, ರೌಡಿಗಳ ಮೇಲೆ ಬರ್ದೋರ ಹೆಸರು ಮುಚ್ಚಿಡಿ, ನಾನೇ ಕಾವಲು ನಿಲ್ತೀನಿ. ಟಿಕೆಟ್ ಹರಿಯೋ ಹೆಂಗಸಿಗೆ ಹೆದರಿ ಬಚ್ಚಿಟ್ಕೊಳ್ಳೋದು ಏನಿದೆ? ಹಾಕೋಕೆ ಮುಂಚೆ ಅವಳನ್ನ ಒಂದು ಮಾತು ಕೇಳಿದ್ರಾ?”

ಕೇಳಿರಲಿಲ್ಲ. ಒಂದು ಬಿಳಿ ಹಾಳೆಯನ್ನು ನನ್ನ ಕಡೆ ತಳ್ಳಿ, “ನೀವೊಂದು ಉತ್ತರ ಬರ್ಕೊಡಿ, ಹಾಕ್ತೀವಿ” ಎಂದರು.

ಅಲ್ಲೇ ಕೂತು ಬರೆದೆ. ಆರೋಪವನ್ನು ಪೂರ್ತಿಯಾಗಿ ಎತ್ತಿ ಹೇಳಿ, ಆಮೇಲೆ ಝಾಡಿಸಿದೆ. ಕೆಳಗೆ ನನ್ನ ಹೆಸರು, ಶಾಲೆ, ಬೀದಿ ಎಲ್ಲವನ್ನೂ ಹಾಕಿದೆ.

ಡಿಪೋದವರು ಆ ದಿನ ಬಸ್ಸಿನಲ್ಲಿದ್ದ ಹೆಂಗಸರ ಮಾತು ಕೇಳಿ ಕಮಲಳನ್ನು ಬಿಟ್ಟರು. ಉತ್ತರ ಅಚ್ಚಾದ ಮೇಲೆ ನಮ್ಮೂರು ಗುಬ್ಬಿ ಮಾತ್ರ ನನ್ನನ್ನು ಬಿಡಲಿಲ್ಲ. ಟೀ ಅಂಗಡಿಯ ರಂಗಣ್ಣ, “ಮೇಷ್ಟ್ರೇ, ಕಂಡಕ್ಟ್ರಮ್ಮ ಮುದುಕನ್ನ ದಬ್ಬುದ್ಲು ಅಂತ ಬರ್ದಿದೀರಲ್ಲ, ಚೆನ್ನಾಗೈತೆ” ಎಂದ.

“ಅವಳು ನನ್ನ ಹೆಂಡ್ತಿ ಕಣಪ್ಪ.”

“ಆದ್ರೂ ಬರುದ್ರಲ್ಲ, ಅದು ಧೈರ್ಯ.”

ಇದನ್ನು ಹೇಳಿದಾಗ ಕಮಲ ನಗಲಿಲ್ಲ. “ಅವನು ಬರ್ದಿದ್ದನ್ನ ಅರ್ಧ ಊರು ನೋಡೇ ಇರ್ಲಿಲ್ಲ. ನಿಮ್ಮ ಹೆಸರು ನೋಡಿ ಎಲ್ಲಾ ಓದಿದ್ರು” ಎಂದಳು.

ಮೊನ್ನೆ ತುಮಕೂರಿನಲ್ಲಿ ಅವಳದೇ ಬಸ್ಸು ಹತ್ತಿದೆ. ಹತ್ತಿರ ಬಂದು, ಗುರುತೇ ಇಲ್ಲದವಳಂತೆ, “ಎಲ್ಲಿಗೆ?” ಎಂದಳು. ಗುಬ್ಬಿ ಎಂದೆ. ಹೆಸರು ಹೇಳಲು ಹೋಗಲಿಲ್ಲ.