ಅಕ್ಕನ ಸೀರೆ, ಊರಿನ ಕರೆಂಟು

ನಮ್ಮ ಊರಿನಲ್ಲಿ ಕರೆಂಟು ಹರಿಯುವುದು ತಂತಿಯ ಮೇಲಲ್ಲ, ನಮ್ಮಕ್ಕನ ಸೀರೆಯ ಮೇಲೆ! ನಂಬಿಕೆ ಬರಲಿಲ್ಲವೇ? ಶಿರಾದಿಂದ ಬರಗೂರಿನ ಬಸ್ಸು ಹತ್ತಿ ಬಂದು ನಮ್ಮ ಭಾವನನ್ನು ನೋಡಿ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಸ್ವಂತ ದುಡಿಮೆಯಲ್ಲಿ ಕಟ್ಟಿದ ಹಿಟ್ಟಿನ ಮಿಲ್ಲು ಊರಾಚೆ ಇದೆ. ಅದಕ್ಕೂ ಸುತ್ತಲ ಬೋರ್‌ವೆಲ್ಲುಗಳಿಗೂ ಇರುವುದು ಒಂದೇ ಟ್ರಾನ್ಸ್‌ಫಾರ್ಮರು. ಬೋರ್‌ವೆಲ್ಲುಗಳಿಗೆಲ್ಲ ಆಟೋ ಸ್ಟಾರ್ಟರು. ಕರೆಂಟು ಬಂದ ಕೂಡಲೇ ಎಲ್ಲ ಮೋಟರುಗಳೂ ಒಟ್ಟಿಗೇ ಗುಂಯ್ ಎನ್ನುತ್ತಿದ್ದವು. ವೋಲ್ಟೇಜು ಬಿದ್ದು ನನ್ನ ಮಿಲ್ಲು ಮುಲುಗುತ್ತಿತ್ತು. ಅದರ ಮೋಟರು ಸುಟ್ಟರೆ ನನ್ನ ಮನೆಯ ಒಲೆ ಆರಿದಂತೆಯೇ.

ಪಾವಗಡದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುತ್ತಿದ್ದ ಭಾವ ಕೆಲಸ ಬಿಟ್ಟು ಬಂದವರೇ ಊರಿಗೆ ಸರದಿ ಕಲಿಸಲು ನಿಂತರು. ಕಾಡಿ ಬೇಡಿ ಆಟೋ ಸ್ಟಾರ್ಟರುಗಳನ್ನು ಬಿಚ್ಚಿಸಿದರು. ಮಾಳಿಗೆಯ ಮೇಲೆ ಅಕ್ಕನ ಕೆಂಪು ಸೀರೆ ಏರಿದರೆ ಕೆರೆ ಕಡೆಯ ಮೋಟರುಗಳು, ಹಸಿರು ಏರಿದರೆ ಗುಡ್ಡದ ಕಡೆಯವು. ಎರಡೂ ಇಳಿದರೆ ನನ್ನ ಮಿಲ್ಲು!

ಮಿಲ್ಲಿನಲ್ಲಿ ಗಿರಾಕಿಗಳು ನಿಂತಿರುವಾಗಲೇ ಭಾವ ಬರುತ್ತಿದ್ದರು. "ಲೇ ಬಾಮೈದ, ನಿಲ್ಸ್ಲಾ! ಗುಡ್ಡದೋರ ಸರದಿ."

"ಅರ್ಧ ಹಿಟ್ಟು, ಅರ್ಧ ರಾಗಿ ಆಗೈತೆ ಭಾವ. ಈಯಮ್ಮ ಮುದ್ದೆ ಹೆಂಗ್ ತಿರುವ್ತಾಳೆ?"

"ಬಿಸ್ಲು ಇಳಿದ್ರೆ ಕರೆಂಟು ಹೋಯ್ತದೆ, ಅದ್ರೊಳಗೆ ಅವ್ರದು ಮುಗೀಬೇಕು ಕಣ್ಲಾ. ಮುಂದಕ್ಕೆ ದೇಶದಾಗೆಲ್ಲಾ ಹಿಂಗೇ ಹಂಚ್ಕಂಡು ಉರಿಸ್ತಾರೆ, ನೋಡ್ತಿರು!"

"ದೇಶ ಹೆಂಗಾರ ಉರಿಸ್ಕಳ್ಳಿ, ನನ್ ಮಿಲ್ಲು ಬುಟ್ಬುಡಿ!"

ಕೇಳುತ್ತಾರೆಯೇ? ಸ್ವಿಚ್ಚಿನ ಎದುರೇ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು.

ಅಕ್ಕನ ಗೋಳೇ ಬೇರೆ: "ಉಟ್ಕಳಾಕೆ ಸೀರೆ ಕೇಳಿದ್ರೆ, ಅದು ಡ್ಯೂಟಿ ಮೇಲೈತೆ ಅಂತಾರಪ್ಪ!"

ಕಳೆದ ಬೇಸಿಗೆಯಲ್ಲಿ ಭಾವ ಮಧುಗಿರಿಗೆ ಹೋಗಿದ್ದ ದಿನ ಅಕ್ಕ ಆ ಸೀರೆಗಳನ್ನು ಒಗೆದಳು. ಒಗೆದ ಮೇಲೆ ಒಣಗಿಸಬೇಡವೇ? ಕೆಂಪು, ಹಸಿರು ಎರಡನ್ನೂ ಮಾಳಿಗೆಯ ಮೇಲೆ ಹರವಿದಳು. ಎರಡೂ ಕಡೆಯವರು ಬಲು ಶಿಸ್ತಿನಿಂದ ಓಡಿಹೋಗಿ ಮೋಟರು ಹಾಕಿದರು! ಟ್ರಾನ್ಸ್‌ಫಾರ್ಮರು ಢಮ್ ಎಂದು ಎಣ್ಣೆ ಕಾರಿಕೊಂಡು ಸತ್ತಿತು.

ಊರೆಲ್ಲ ಭಾವನನ್ನು ಆಡಿಕೊಂಡಿತು. ಅವರು ಸೀರೆಗಳನ್ನು ಮಡಿಸಿ ಒಳಗಿಟ್ಟರು.

ಹೊಸ ಟ್ರಾನ್ಸ್‌ಫಾರ್ಮರು ಬಂತು, ಹಿಂದೆಯೇ ಆಟೋ ಸ್ಟಾರ್ಟರುಗಳೂ ಬಂದವು. ಖುಷಿಯಿಂದ ಮಿಲ್ಲು ಹಾಕಿದೆ. ಕಲ್ಲು ನಾಲ್ಕಾರು ಸುತ್ತು ತಿರುಗಿ ನರಳಿತು. ಮೋಟರಿನಿಂದ ಸುಟ್ಟ ವಾಸನೆ. ಗಾಬರಿಯಾಗಿ ಆರಿಸಿದೆ. ಅತ್ತ ಬೋರ್‌ವೆಲ್ಲುಗಳೂ ನೀರೆತ್ತಲಾರದೆ ಗೊರಗುಟ್ಟುತ್ತಿದ್ದವು. "ನಿಲ್ಸ್ಲಾ" ಎಂದು ಗದರಲು ಯಾರೂ ಬರಲಿಲ್ಲ.

ನಾನೇ ಹೋದೆ. ಭಾವ ಜಗುಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಭಾವ, ಈಗ ಯಾರ ಸರದಿ?"

ಭಾವ ಈ ಕಡೆ ಹೊರಳಿದರು. ಆಮೇಲೆ ಎದ್ದು ಕೂತು, ಟವೆಲಿನಲ್ಲಿ ಮುಖ ಒರೆಸಿಕೊಂಡು, "ಕೆರೆಯೋರ್ದು. ನಿಂದು ಆಮ್ಯಾಕೆ" ಎಂದರು.

ಒಳಗಿಂದ ತಂದ ಕೆಂಪು ಸೀರೆಯ ಒಂದು ತುದಿ ಹಿಡಿದು ನಾನು ಮಾಳಿಗೆ ಹತ್ತಿದೆ. ಇನ್ನೊಂದು ತುದಿ, ನೆಲಕ್ಕೆ ತಾಗದ ಹಾಗೆ, ಭಾವನ ಕೈಯಲ್ಲಿತ್ತು.